ಅರ್ಧ ಮೀಸೆ

ಫೋನ್ ಅಂಗಡಿಯ ಸಾಲಿನಲ್ಲಿ ಟೀಚರಮ್ಮನ ಮುಂದೆ ಇಬ್ಬರು ನಿಂತಿದ್ದರು. ಒಬ್ಬ ಕ್ಷೌರಿಕ, ಹೆಗಲ ಮೇಲೆ ಕೂದಲು ಅಂಟಿದ ಟವೆಲು. ಇನ್ನೊಬ್ಬ ಬಡಗಿ, ಕಿವಿಗೆ ಸಿಕ್ಕಿಸಿದ ಪೆನ್ಸಿಲು. ಅವನ ಮೂಗಿನ ಕೆಳಗೆ ಮಾತ್ರ ಬಿಸಿಲನ್ನೇ ಕಾಣದಂಥ ಬಿಳಿ ಪಟ್ಟಿ. ಟೀಚರಮ್ಮ ತಮ್ಮ ಒಡೆದ ಫೋನನ್ನು ಮರೆತು ಕಿವಿಗೊಟ್ಟರು.

“ಬಟನ್ ಫೋನೇ ಕೊಡಿ. ವಿಡಿಯೋ ಗಿಡಿಯೋ ಏನೂ ಬರಬಾರದು,” ಎಂದ ಕ್ಷೌರಿಕ, ಅಂಗಡಿಯವನಿಗೆ.

“ಈ ಬುದ್ಧಿ ಮೊದಲೇ ಬಂದಿದ್ರೆ ನನ್ನ ಮೀಸೆ ಉಳೀತಿತ್ತು,” ಎಂದ ಬಡಗಿ.

“ನಾನು ತೆಗೆದಿದ್ದು ಅರ್ಧ ತಾನೇ ಭಾವ? ಇನ್ನರ್ಧ ನೀವೇ ತೆಗೆಸಿದ್ದು.”

“ಮತ್ತೆ, ಅರ್ಧ ಮೀಸೆ ಹೊತ್ಕೊಂಡು ಊರೆಲ್ಲ ಸುತ್ತಬೇಕಿತ್ತಾ? ಕೈಯಲ್ಲಿ ಕತ್ತಿ ಇಟ್ಕೊಂಡು ಯಾರಾದ್ರೂ ಫೋನಲ್ಲಿ ನಾಯಿಮರಿ ಡ್ಯಾನ್ಸ್ ನೋಡ್ತಾರೇನೋ?”

“ತಪ್ಪಾಯ್ತು ಅಂದ್ನಲ್ಲ. ಅಕ್ಕ ಬೈದ್ಲಾ?”

ಬಡಗಿ ಬೋಳು ತುಟಿಯ ಮೇಲೆ ಬೆರಳಾಡಿಸಿದ.

“ನನ್ನ ನೋಡಿದ್ದೇ ತಡ, ಫೋನ್ ಪಕ್ಕಕ್ಕೆಸೆದು ಹೊಟ್ಟೆ ಹಿಡ್ಕೊಂಡು ನಕ್ಳು ಕಣೋ. ಊಟಕ್ಕೆ ಕೂತಾಗ್ಲೂ ಫೋನ್ ಮುಟ್ಟಲಿಲ್ಲ, ನನ್ನ ಮುಖಾನೇ ನೋಡ್ತಿದ್ಲು. ಹಾಗೆ ನೋಡಿ ಎಷ್ಟು ವರ್ಷ ಆಗಿತ್ತು!”

“ಹಾಗಾದ್ರೆ ನನ್ನ ಹಳೇ ಫೋನು ನಿಮಗೆ ಒಳ್ಳೇದೇ ಮಾಡ್ತಲ್ಲ! ಮತ್ತೆ ಈ ಬಟನ್ ಫೋನ್ ಯಾಕೆ?”

ಬಡಗಿ ಬಟನ್ ಫೋನಿನ ದುಡ್ಡು ಕೊಟ್ಟು, ಭಾಮೈದನ ಹೆಗಲ ಮೇಲೆ ಕೈ ಹಾಕಿ ಮೆಟ್ಟಿಲಿಳಿಯತೊಡಗಿದ. ಅವನ ಮಾತು ಸಾಲಿನ ಕೊನೆಯವರೆಗೂ ಕೇಳಿಸಿತು:

“ಇನ್ನು ನನ್ನ ಹತ್ರ ಉಳಿದಿರೋದು ಹುಬ್ಬು ಮಾತ್ರ ಕಣಪ್ಪಾ!”