ಅಮ್ಮನ ಪಕ್ಕದ ಜಾಗ

ಹೆರಿಗೆ ವಾರ್ಡಿನ ಹೊರಗೆ, ನನ್ನೆದುರಿನ ಬೆಂಚಿಗೆ ಒಬ್ಬ ಪುಟ್ಟ ಹುಡುಗಿ ಗಟ್ಟಿಯಾಗಿ ಅಂಟಿಕೊಂಡು ಕೂತಿದ್ದಳು. ಡ್ಯೂಟಿ ಮುಗಿಸಿ ನೇರ ಬಂದಿದ್ದ ಬಸ್ ಕಂಡಕ್ಟರ್ ಅಪ್ಪ ಅವಳನ್ನು ಒಲಿಸುತ್ತಿದ್ದ.

“ತಮ್ಮನ್ನ ನೋಡಲ್ವೇನೇ, ಬಂಗಾರಿ?”

“ಅವನು ಅಮ್ಮನ ಪಕ್ಕ ಮಲಗಿದಾನಂತೆ. ಅದು ನನ್ನ ಜಾಗ.”

“ಜಾಗ ಇಲ್ಲ ಅಂತ ನಿಮ್ಮಪ್ಪ ಯಾರನ್ನಾದ್ರೂ ಇಳಿಸಿದಾನಾ?” ಅಪ್ಪ ಮೂಗಿನಲ್ಲಿ ರಾಗ ಎಳೆದ. “ಸರ್ಕೊಳ್ರೀ, ಹಿಂದೆ ಖಾಲಿ ಇದೇ!”

“ಅಮ್ಮಂಗೂ ಹಿಂದೆ ಖಾಲಿ ಇದ್ಯಾ?”

“ಬೆನ್ನ ಕಡೆ ಪೂರ್ತಿ ಖಾಲಿ.”

“ನಂಗೆ ಮುಖದ ಕಡೆನೇ ಬೇಕು.”

“ಹಾಗಾದ್ರೆ ನೀನೇ ಅವನಿಗೆ ಹೇಳು. ಅಕ್ಕ ಅಲ್ವಾ?”

ಅವಳು ಯೋಚಿಸಿದಳು.

“ಅವನು ಅಳ್ತಾನಾ?”

“ಸದ್ಯಕ್ಕೆ ಅವನಿಗೆ ಬರೋದು ಅದೊಂದೇ.”

“ಅಯ್ಯೋ ಪಾಪ!” ಹುಡುಗಿ ಬೆಂಚಿನಿಂದ ಇಳಿದು ಫ್ರಾಕ್ ಕೊಡವಿಕೊಂಡಳು. “ನೀನು ಇಲ್ಲೇ ಇರಪ್ಪಾ. ನಿನ್ನ ಗಂಟಲು ಕೇಳಿದ್ರೆ ಹೆದರ್ಕೋತಾನೆ.”

ಬಾಗಿಲನ್ನು ಸದ್ದಾಗದಂತೆ ತಳ್ಳಿ ಒಬ್ಬಳೇ ಒಳಗೆ ಹೋದಳು.