ತೋಳಿನ ಹಳದಿ ಪಟ್ಟಿ

ಬಡಗಿಯ ಕೈ ಪಳಗಿದ್ದೇ. ಆದರೂ ಉಳಿ ಜಾರಿ ಹೆಬ್ಬೆರಳು ಸೀಳಿತ್ತು. ತುರ್ತು ಚಿಕಿತ್ಸಾ ವಿಭಾಗದ ಬೆಂಚಿನ ಮೇಲೆ ಬೆರಳಿಗೆ ಬಟ್ಟೆ ಸುತ್ತಿಕೊಂಡು ಕೂತವನಿಗೆ ಪರದೆಯಾಚೆಯ ಜಗಳ ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಬೈಯುತ್ತಿದ್ದವರು ಹಿರಿಯ ಸಿಸ್ಟರ್, ಬೈಸಿಕೊಳ್ಳುತ್ತಿದ್ದವಳು ಮೊನ್ನೆಯಷ್ಟೇ ಕೆಲಸಕ್ಕೆ ಸೇರಿದ ಹುಡುಗಿ.

"ತೋಳಿನ ಹಳದಿ ಪಟ್ಟಿ ಎಲ್ಲಮ್ಮಾ?"

"ಜೇಬಲ್ಲಿದೆ ಸಿಸ್ಟರ್."

"ಅದು ಇದ್ರೆ ತಾನೇ ನೀನು ಹೊಸಬಳು, ಒಬ್ಬಳನ್ನೇ ಬಿಡಬಾರದು ಅಂತ ಡಾಕ್ಟರಿಗೆ ಗೊತ್ತಾಗೋದು?"

"ಇದ್ದಾಗ್ಲೂ ಒಬ್ಬಳೇ ಇದ್ದೆ. ಬೆಳಗ್ಗಿಂದ ನನ್ನ ಜೊತೆ ಯಾರಿದ್ರು ಹೇಳಿ?"

"ಎದುರುತ್ತರ ಬೇರೆ! ಮೂರು ಜನರ ಕೆಲಸ ಮಾಡ್ತಿದೀನಿ, ನಿನ್ನ ಕೈ ಹಿಡ್ಕೊಂಡು ಓಡಾಡ್ಲಾ?"

"ಹಾಗಾದ್ರೆ ಪಟ್ಟಿ ಯಾಕೆ ಕಟ್ಟಿದ್ರಿ?"

"ಆ ಮೂಲೆ ಹಾಸಿಗೆಯ ಅಜ್ಜನಿಗೆ ಎದೆನೋವು ಜೋರಾದಾಗ ಒಬ್ಬಳೇ ಒದ್ದಾಡ್ತಿದ್ಯಲ್ಲ, ಕೂಗೋಕೆ ಬಾಯಿರಲಿಲ್ವಾ?"

"ಕೂಗ್ದೆ ಸಿಸ್ಟರ್. ಯಾರೂ ಬರಲಿಲ್ಲ."

ಹಿರಿಯ ಸಿಸ್ಟರ್ ದನಿ ತಗ್ಗಿಸಿದರು.

"ಬಿಚ್ಚಿದ್ದು ಯಾಕೆ, ಅದನ್ನ ಹೇಳು."

"ಪಟ್ಟಿ ಕಂಡ್ರೆ ಯಾರೂ ಮುಟ್ಟಿಸ್ಕೊಳ್ಳಲ್ಲ. ಹೊರಗೆ ಕೂತಿದಾರಲ್ಲ ಬೆರಳು ಕೊಯ್ಕೊಂಡವರು, 'ಕಲಿಯೋಕೆ ನನ್ನ ಕೈಯೇ ಬೇಕಿತ್ತಾ' ಅಂತ ಎಲ್ಲರೆದುರು ಉಗಿದ್ರು."

ಪರದೆ ಸರಿಯಿತು. ಬಡಗಿ ಬೆರಳನ್ನು ಮಡಿಲಿಗೆ ಎಳೆದುಕೊಂಡ. ಹಿರಿಯ ಸಿಸ್ಟರ್ ಅವನ ಕಣ್ಣೆದುರೇ ಹುಡುಗಿಯ ತೋಳಿಗೆ ಪಟ್ಟಿ ಬಿಗಿದರು.

"ಇವರಿಗೆ ಪಳಗಿದ ಕೈಯೇ ಬೇಕಂತೆ, ಕಾಯಲಿ. ನೀನು ಬಾ. ಅಜ್ಜನ ಹತ್ರ ಇಬ್ಬರೂ ಹೋಗೋಣ."

ಇಬ್ಬರೂ ಹೋದರು. ಅವನ ಕಡೆ ಯಾರೂ ತಿರುಗಿ ನೋಡಲಿಲ್ಲ.