ಅದೇ ನೀರು

ನರಸಿಂಹರಾಜಪುರದ ಬಸ್ ಸ್ಟ್ಯಾಂಡಿನಲ್ಲಿ ಸೀತೂರಿನ ಬಸ್ಸಿಗೆ ಕಾಯುತ್ತಿದ್ದ ಸುಲೋಚನಮ್ಮನ ಪಕ್ಕದಲ್ಲಿ ಎಳೆ ವಯಸ್ಸಿನ ಟೀಚರೊಬ್ಬಳು ಕೂತಿದ್ದಳು. ಅವಳನ್ನು ಕಂಡು ಎದುರಿನ ಮೆಡಿಕಲ್ ಶಾಪಿನಿಂದ ಹೆಂಗಸೊಬ್ಬಳು ಓಡಿಬಂದಳು.

"ಟೀಚರ್, ನಮ್ಮ ಚೈತ್ರ ನೀರೇ ಕುಡೀತಿಲ್ಲ. ಆಸ್ಪತ್ರೇಲಿ ಡ್ರಿಪ್ ಹಾಕಿದಾರೆ."

"ಅಯ್ಯೋ, ಎಂತಾಯ್ತು ವಿಜಯಕ್ಕ?"

"ನೀವು ಪಾಠ ಮಾಡಿದ್ರಂತಲ್ಲ, ನೀರು ಎಲ್ಲೂ ಹೋಗಲ್ಲ, ಮೋಡ ಆಗಿ, ಮಳೆ ಆಗಿ, ಅದೇ ನೀರು ಬಾವಿಗೆ ಬರ್ತದೆ ಅಂತ."

"ಹೌದು, ಜಲಚಕ್ರ."

"ಅಪ್ಪನ್ನ ಕೊಚ್ಕೊಂಡು ಹೋದ ನೀರು ನಾನು ಕುಡಿಯಲ್ಲ ಅಂತಾಳೆ."

ಟೀಚರ್ ಬಾಯಿಗೆ ಸೆರಗು ಒತ್ತಿಕೊಂಡಳು. ಮಳೆಗಾಲದಲ್ಲಿ ಹೊಳೆ ದಾಟುವಾಗ ಕೊಚ್ಚಿಹೋದ ತೋಟದ ಆಳೊಬ್ಬನ ಹೆಣ ಸಿಗಲೇ ಇಲ್ಲವೆಂದು ಸುಲೋಚನಮ್ಮನೂ ಕೇಳಿದ್ದಳು. ಇವಳೇ ಅವನ ಹೆಂಡತಿಯೆಂದು ಈಗ ತಿಳಿಯಿತು.

"ಪಾಠ ಮಾಡುವಾಗ ನಂಗೆ ಹೊಳೀಲೇ ಇಲ್ಲ ವಿಜಯಕ್ಕ."

"ನಿಮ್ಮ ತಪ್ಪಲ್ಲ. ಬಾವೀದು ಬೇರೆ ನೀರು ಅಂತ ಒಂದು ಸುಳ್ಳು ಹೇಳಿ ಟೀಚರ್. ನನ್ನ ಮಾತು ನಂಬಲ್ಲ, ನಿಮ್ಮದು ನಂಬ್ತಾಳೆ."

ಟೀಚರ್ ಹೋಗಬೇಕಿದ್ದ ಬಸ್ಸು ಬಂದು ನಿಂತಿತು. ಅವಳು ಅತ್ತ ನೋಡದೆ ಎದ್ದಳು.

"ಸುಳ್ಳು ಅಂತ ಆಮೇಲೆ ಗೊತ್ತಾದ್ರೆ?"

"ಮೊದ್ಲು ಕುಡೀಲಿ. ಆಮೇಲೆ ಇಬ್ಬರನ್ನೂ ಬೈಲಿ," ಎನ್ನುತ್ತ ವಿಜಯ ಟೀಚರ ಕೈ ಹಿಡಿದು ಆಸ್ಪತ್ರೆಯ ಕಡೆ ಎಳೆದುಕೊಂಡು ಹೋದಳು.